ಬೊಲಿವಿಯಾ ನನ್ನದು, ಕ್ಯಾಮರೂನ್ ಅವನದು

ಮಾರ್ಚ್ 3, 1998. ಮಂಗಳವಾರ

ಮತ್ತೆ ಲೈಬ್ರರಿ. ಅದೇ ಮೂಲೆ, ಅದೇ ಬಿಸಿಯಾಗದ ಹೀಟರ್. ಬೊಲಿವಿಯಾದಲ್ಲಿ ಕಾಡು ಕಡಿದು ಹೊಲ, ಹುಲ್ಲುಗಾವಲು ಮಾಡಿದ್ದರಿಂದ ಗಾಳಿಗೆ ಎಷ್ಟು ಕಾರ್ಬನ್ ಡೈಆಕ್ಸೈಡ್ ಸೇರಿತು — ಇದು ನನ್ನ ಪಾಲು. ಕ್ಯಾಮರೂನ್ ನನ್ನ ಕ್ಲಾಸ್‌ಮೇಟ್ ಸುಮಿತ್‌ದು. ಕೊನೆಗೆ ಪಕ್ಕಪಕ್ಕ ಇಟ್ಟು ಯಾವ ದೇಶದ್ದು ಹೆಚ್ಚು ಅಂತ ಹೇಳಬೇಕು. ಜೋಡಿಗೆ ಒಂದೇ ರಿಪೋರ್ಟ್, ಒಂದೇ ಮಾರ್ಕು.

"ಶಲ್ ವಿ ಚೆಕ್ ಈಚ್ ಅದರ್ಸ್?" ಅಂದ ಸುಮಿತ್. ಇಲ್ಲೇ ಹುಟ್ಟಿದವನು; ಕನ್ನಡ ಅರ್ಥವಾಗುತ್ತೆ, ಆಡಲ್ಲ.

ಬೇಡ ಅಂದೆ. ಈ ದೇಶಕ್ಕೆ ಬರೋ ಮುಂಚೆ ಇದ್ದ ಧಾರವಾಡದ ನಮ್ಮ ಹಾಸ್ಟೆಲಲ್ಲಿ ಪಾಲು ಹಂಚಿಕೊಂಡ ಮೇಲೆ ಇನ್ನೊಬ್ಬರ ಹಾಳೆ ಇಣುಕಿದರೆ ಅವಮಾನ ಮಾಡಿದ ಹಾಗೆ. ನಕ್ಕ. "ಓಕೆ, ವಾರ್ಡನ್."

ಮಾರ್ಚ್ 10

ರಿಪೋರ್ಟ್ ಕೊಟ್ಟಾಯ್ತು. ಕ್ಯಾಮರೂನ್‌ದೇ ಹೆಚ್ಚು. ಸುಮಿತ್ ಖುಷಿಯಲ್ಲಿ ಹಾರಾಡ್ತಿದ್ದಾನೆ. ಪಾಪ, ಫಸ್ಟ್ ಇಯರ್ ಎರಡನೇ ಸಲ. ಇದೂ ಫೇಲಾದರೆ ಕೋರ್ಸಿನಿಂದಲೇ ಹೊರಗೆ. ಮುಂದಿನ ಮಂಗಳವಾರ ಪ್ರೆಸೆಂಟೇಶನ್; ಉತ್ತರ ಹೇಳೋನು ಅವನೇ.

ಮಾರ್ಚ್ 12

ಎಡವಟ್ಟಾಗಿದೆ.

ನಾನು ಅಂಕಿ ತೆಗೆದುಕೊಂಡ ಪುಸ್ತಕದ ಟೇಬಲ್ ಕೆಳಗೆ ಸಣ್ಣಕ್ಷರ. ಈವತ್ತು ಕಂಡಿತು. ಬೊಲಿವಿಯಾದ ಅಂಕಿಗಳೆಲ್ಲ ಬರೀ ಕಾರ್ಬನ್ನಿನ ತೂಕ. ಸುಮಿತ್‌ದು ಕಾರ್ಬನ್ ಡೈಆಕ್ಸೈಡ್ ತೂಕ. ಹನ್ನೆರಡು ಕಿಲೋ ಕಾರ್ಬನ್ ಅಂದರೆ ನಲವತ್ನಾಲ್ಕು ಕಿಲೋ ಕಾರ್ಬನ್ ಡೈಆಕ್ಸೈಡ್; ನನ್ನದನ್ನ ನಲವತ್ನಾಲ್ಕರಿಂದ ಗುಣಿಸಿ ಹನ್ನೆರಡರಿಂದ ಭಾಗಿಸಬೇಕಿತ್ತು. ಮಾಡಿಲ್ಲ. ಮಾಡಿದರೆ ಬೊಲಿವಿಯಾ ಎಲ್ಲೋ ಮೇಲೆ. ಉತ್ತರವೇ ಉಲ್ಟಾ. ತಕ್ಕಡಿಯ ಒಂದು ತಟ್ಟೆಗೆ ಅಕ್ಕಿ, ಇನ್ನೊಂದಕ್ಕೆ ಅನ್ನ ಹಾಕಿ ತೂಗಿದ ಹಾಗೆ...

ಅವನು ಒಮ್ಮೆ ನೋಡಿದ್ದರೆ ಹಿಡೀತಿದ್ದ. ಬೇಡ ಅಂದವಳು ನಾನು.

ಮಾರ್ಚ್ 13

ಊರಿನ ಇನ್ನೊಂದು ತುದಿ, ಟೂಟಿಂಗ್. ಸುಮಿತ್ ಅಪ್ಪನ ಹೋಟೆಲು. ಹೇಳಲಿಕ್ಕೇ ಹೋಗಿದ್ದು. ಅವನ ಅಮ್ಮ ಗುಲಾಬಿ ಆಂಟಿ ನೀರುದೋಸೆ ಮೇಲೆ ನೀರುದೋಸೆ ಹಾಕಿದರು.

"ಎಂಥದು ಮಾರಾಯ್ತಿ, ಒಣಗಿ ಹೋಗಿದ್ದೀಯಲ್ಲ! ತಿನ್ನು. ನೀನುಂಟು ಅಂತ ನಮ್ಮವ ಈ ಸಲ ದಡ ಸೇರ್ತಾನೆ."

"ಮಮ್, ಸ್ಟಾಪ್ ಇಟ್!"

ಇನ್ನೊಂದು ದೋಸೆ ತಿಂದೆ. ಹೇಳಲಿಲ್ಲ. ಡಬ್ಬಿ ಬೇರೆ ಕಟ್ಟಿಕೊಟ್ಟರು.

ಮಾರ್ಚ್ 16

ಬರೆಯೋಕಾಗಿಲ್ಲ. ಮಲಗೇ ಇದ್ದೆ. ಪಿನ್ನರ್‌ನ ಮಾಮಾನ ಈ ಮನೆಯಲ್ಲಿ ಗಡಿಯಾರದ್ದೊಂದೇ ಸದ್ದು. ಮಾಮಾ ಬಾಗಿಲಲ್ಲಿ ನಿಂತು, "ಏನವಾ ಮೈತ್ರೇಯಿ, ಜ್ವರ ಬಂದಾವೇನು? ಜಿಪಿ ಡಾಕ್ಟರ್ ಕಡೆ ಹೋಗೂಣೇನು?"

ಜ್ವರ ಅಲ್ಲ ಮಾಮಾ.

"ಮತ್ತ ಯಾರರ ಏನರ ಅಂದ್ರೇನು?"

ಯಾರೂ ಅಂದಿಲ್ಲ. ಅನ್ನಬೇಕಾದವಳು ನಾನು.

ಹಾಸ್ಟೆಲಲ್ಲಿ ಒಬ್ಬಳು ತಪ್ಪು ಒಪ್ಪಿದರೆ ಸಾಲಿಗೆ ಸಾಲೇ ಮೊಣಕಾಲೂರಬೇಕಿತ್ತು. ಅದಕ್ಕೇ ಯಾರೂ ಒಪ್ತಿರಲಿಲ್ಲ. ಇಲ್ಲಿ ನಾನು ಬಾಯಿಬಿಟ್ಟರೆ ಮೊಣಕಾಲೂರೋನು ಸುಮಿತ್. ಬಿಡದಿದ್ದರೆ ನಾಳೆ ಇಡೀ ಕ್ಲಾಸಿನ ಎದುರು ಸುಳ್ಳು. ಅದೂ ಅವನ ಬಾಯಿಂದ, ಅವನಿಗೇ ಗೊತ್ತಿಲ್ಲದೆ.

ದೇವರೇ, ನಾಳೆ ಟ್ಯೂಬ್ ರೈಲು ಸ್ಟ್ರೈಕ್ ಆಗಲಿ.

ಮಾರ್ಚ್ 17, ಬೆಳಿಗ್ಗೆ 10.40

ಟ್ಯೂಬ್ ಸರಿಯಾಗೇ ಬಂತು. ಕಾರಿಡಾರ್. ಬಾಲ್‌ಪೆನ್ ಕೈಕೊಟ್ಟಿದೆ, ಪ್ಲಾಸ್ಟಿಕ್ ಶೀಟ್ ಮೇಲೆ ಬರೆಯೋ ಓಎಚ್‌ಪಿ ಪೆನ್ನಲ್ಲೇ ಗೀಚ್ತಿದ್ದೀನಿ. ಒಳಗೆ ಬೇರೆ ಜೋಡಿ. ಮುಂದೆ ನಾವು.

ಹೇಳಿಬಿಟ್ಟೆ. ಒಂದೇ ಉಸಿರಲ್ಲಿ. ಸುಮಿತ್ ಗೋಡೆಗೊರಗಿದ.

"ಸಿನ್ಸ್ ವೆನ್?"

ಗುರುವಾರದಿಂದ.

"ಯೂ ಏಟ್ ಮೈ ಮಮ್ಸ್ ದೋಸಾ ಆ್ಯಂಡ್ —" ಆಮೇಲೆ ಮೆಲ್ಲಗೆ, "ಸೋ ಐಯಾಮ್ ಔಟ್."

ತಪ್ಪು ನನ್ನೊಬ್ಬಳದೇ ಅಂತ ಹೇಳ್ತೀನಿ ಅಂದೆ. ತಲೆ ಅಲ್ಲಾಡಿಸಿದ. ಜೋಡಿಗೆ ಒಂದೇ ಮಾರ್ಕು. ನಂಗೊತ್ತಿಲ್ವಾ...

ಈಗ ಪರದೆ ಮೇಲೆ ತೋರಿಸೋ ಪ್ಲಾಸ್ಟಿಕ್ ಶೀಟ್ ತೆಗೆದು ಕಿಟಕಿ ಬೆಳಕಿಗೆ ಹಿಡಿದಿದ್ದಾನೆ. ಮೇಲೆ ಅವನೇ ಬರೆದ ದೊಡ್ಡಕ್ಷರ — ಕ್ಯಾಮರೂನ್ ಹೆಚ್ಚು. ಹೆಬ್ಬೆರಳು ನಾಲಿಗೆಗೆ ಮುಟ್ಟಿಸಿದ. ಒರೆಸ್ತಿದ್ದಾನೆ. ಹಸಿರು ಮಸಿ ಬೆರಳಿಗೆ, ಶರ್ಟಿನ ತೋಳಿಗೆ... ಹೋಗ್ತಾ ಇದೆ.

ಒಳಗೆ ಚಪ್ಪಾಳೆ. ಬಾಗಿಲು ತೆರೀತು. ನಮ್ಮ ಹೆಸರು.

ನನ್ನ ಮುಖ ನೋಡದೇ ಕೈ ಚಾಚಿದ್ದಾನೆ. ಕನ್ನಡದಲ್ಲಿ, ಮೊದಲ ಸಲ — "ಪೆನ್ ಕೊಡು ಮಾರಾಯ್ತಿ."

ಇರೋದು ಇದೊಂದೇ ಪೆ