ಇಲ್ಲದ ಗಿಡ ಕಿತ್ತವನ ಉತ್ತರ

ಮಾನ್ಯ ಕೈಗಾರಿಕಾ ಬಡಾವಣೆಯ ಅಧಿಕಾರಿಗಳೇ,

ತಾವು ಕಳಿಸಿದ ನೋಟಿಸು ಕೈಸೇರಿತು. ತಮ್ಮ ಬೇಲಿಯೊಳಗಿನ ಖಾಲಿ ಜಾಗಕ್ಕೆ ನಾನು ಅನುಮತಿಯಿಲ್ಲದೆ ನುಗ್ಗಿ ಅಲ್ಲಿದ್ದ ‘ಸಸ್ಯಸಂಪತ್ತಿಗೆ’ ಹಾನಿ ಮಾಡಿದ್ದೇನೆ, ನನ್ನ ಮೇಲೆ ಏಕೆ ಕ್ರಮ ಕೈಗೊಳ್ಳಬಾರದು ಎಂದು ಕೇಳಿದ್ದೀರಿ. ನುಗ್ಗಿದ್ದು ನಿಜ. ಕುಡುಗೋಲು ಹಿಡಿದು ಹೋಗಿದ್ದೂ ನಿಜ. ಆದರೆ ಅಲ್ಲಿ ನಾನು ಕಿತ್ತದ್ದು ಪಾರ್ಥೇನಿಯಂ ಗಿಡವನ್ನು, ನಮ್ಮ ಜನ ಕಾಂಗ್ರೆಸ್ ಗಿಡ ಎಂದು ಕರೆಯುವ ಬಿಳಿ ಹೂವಿನ ಕಳೆಯನ್ನು. ಆ ಕಳೆ ತಮ್ಮ ವ್ಯಾಪ್ತಿಯಲ್ಲಿ ಒಂದೂ ಇಲ್ಲವೆಂದು ಹೋದ ವರ್ಷ ನನ್ನ ಮುಖಕ್ಕೇ ಹೇಳಿ ಕಳಿಸಿದವರು ತಾವು. ಇಲ್ಲದ ಗಿಡಕ್ಕೆ ನಾನು ಹಾನಿ ಮಾಡಿದ್ದಾದರೂ ಹೇಗೆ? ಅದು ಇದ್ದದ್ದೇ ಆದರೆ, ಅದರ ದೆಸೆಯಿಂದ ಉಸಿರು ಕಟ್ಟಿ ಮನೆ ಬಿಟ್ಟು ಹೋದ ನನ್ನ ಹೆಂಡತಿಗೆ ತಾವು ಕೊಡುವ ಉತ್ತರವೇನು? ತಮ್ಮ ಕಚೇರಿಯ ಬೆಂಚಿನ ಮೇಲೆ ಕೂತು ಕೇಳಿದಾಗ ಉತ್ತರ ಸಿಗಲಿಲ್ಲ. ಹಾಗಾಗಿ ಈ ಬಹಿರಂಗ ಪತ್ರದಲ್ಲಿ ನಾಲ್ಕು ಜನರ ಮುಂದೆ ಕೇಳುತ್ತಿದ್ದೇನೆ.

ಓದುವವರಿಗೆ ನಾನು ಯಾರೆಂದು ತಿಳಿಯಬೇಕಲ್ಲ. ಹೆಸರು ಚಿಕ್ಕಬೈರಪ್ಪ, ಕುಂದಲಹಳ್ಳಿಯ ಆಚೆ ಬದಿಯ ಒಂದು ಊರಿನವನು, ಅಲ್ಲಿನ ಹಾಲಿನ ಸೊಸೈಟಿಯ ಕಾರ್ಯದರ್ಶಿ. ತಾವು ಬೇಲಿ ಹಾಕಿಸಿರುವ ಜಾಗ ನಮ್ಮ ಹೊಲವಾಗಿತ್ತು. ರಾಗಿ, ಅವರೆ, ಹುಚ್ಚೆಳ್ಳು ಬೆಳೆಯುತ್ತಿದ್ದೆವು. ಕಾರ್ಖಾನೆ ಬರುತ್ತದೆ, ಊರು ಉದ್ಧಾರವಾಗುತ್ತದೆ ಎಂದಿರಿ. ಕೊಟ್ಟೆವು. ಕೊಟ್ಟದ್ದರ ಬಗ್ಗೆ ಈ ಪತ್ರದಲ್ಲಿ ತಕರಾರಿಲ್ಲ. ಕಾರ್ಖಾನೆ ಬರಲಿಲ್ಲ, ಅದೂ ಹೋಗಲಿ. ವರ್ಷ ವರ್ಷ ನೇಗಿಲು ಬೀಳುತ್ತಿದ್ದ ನೆಲದಲ್ಲಿ ಯಾವ ಕಳೆಗೂ ತಳವೂರುವ ಧೈರ್ಯವಿರಲಿಲ್ಲ. ತಾವು ಬೇಲಿ ಹಾಕಿ ಬೀಗ ಜಡಿದ ಮೇಲೆ ಎರಡೇ ಮಳೆಗೆ ಹೊಲ ಪೂರ್ತಿ ಬೆಳ್ಳಗಾಯಿತು. ಹೈವೇ ಕಡೆಯಿಂದ ಬರುವವರು ಅದನ್ನು ನೋಡಿ ಏನು ಚೆಂದದ ಹೂವಿನ ತೋಟ ಎನ್ನುತ್ತಿದ್ದರು. ನಮ್ಮ ಹಸುಗಳು ಮಾತ್ರ ಅದರ ಹತ್ತಿರ ಸುಳಿಯುತ್ತಿರಲಿಲ್ಲ. ಅಪ್ಪಿತಪ್ಪಿ ತಿಂದರೆ ಹಾಲು ಕಹಿಯಾಗಿ ಸೊಸೈಟಿಯಲ್ಲಿ ವಾಪಸಾಗುತ್ತಿತ್ತು.

ಆಮೇಲೆ ತಾವೇ ನಮ್ಮ ಮನೆಗೆ ಬಂದಿರಿ. ನೆನಪಿದೆಯೇ? ಜಗಲಿಯ ಮೇಲೆ ಕೂತು ನನ್ನ ಹೆಂಡತಿ ಅಶ್ವತ್ಥಮ್ಮ ಕೊಟ್ಟ ಮಜ್ಜಿಗೆ ಕುಡಿದಿರಿ, ಮತ್ತೊಂದು ಲೋಟ ಕೇಳಿ ಹಾಕಿಸಿಕೊಂಡಿರಿ. ಕಳೆ ನಿರ್ಮೂಲನ ಸಪ್ತಾಹ ನಡೆಸಬೇಕು, ಊರಿನ ಹೆಂಗಸರು ಮುಂದೆ ಬಂದರೆ ಮಾತ್ರ ಆಗುವ ಕೆಲಸ ಎಂದಿರಿ. “ಅಕ್ಕಾ, ನೀವು ಕರೆದ್ರೆ ಎಲ್ರೂ ಬರ್ತಾರೆ. ನಾನು ನಿಮ್ಮ ತಮ್ಮ ಅಂದ್ಕೊಳ್ಳಿ” ಎಂದು ಕೈಮುಗಿದಿರಿ. ಆಫೀಸರೊಬ್ಬರು ತನ್ನನ್ನು ಅಕ್ಕ ಎಂದು ಕರೆದದ್ದು ಅವಳ ಜನ್ಮದಲ್ಲೇ ಮೊದಲು. ಅಂದು ಸಂಜೆಯಿಂದಲೇ ಮನೆ ಮನೆಗೆ ಹೋಗಿ ಹೇಳಿದಳು. “ನಮ್ಮ ತಮ್ಮನಂಗೆ ಬಂದು ಕೇಳವ್ರೆ, ಓಗ್ದೆ ಇದ್ರೆ ಚೆಂದಾಗಿರಲ್ಲ” ಎನ್ನುತ್ತಿದ್ದಳು.

ತಾವು ಬೇಲಿಯ ಬೀಗ ತೆಗೆಸಿ ಸಪ್ತಾಹ ಇಟ್ಟುಕೊಂಡದ್ದು ಗಿಡ ತುಂಬು ಹೂವಿನಲ್ಲಿದ್ದಾಗ. ಹೂ ಬಿಡುವ ಮೊದಲೇ ಕೀಳಬೇಕು, ಬರಿಗೈಯಲ್ಲಿ ಮುಟ್ಟಬಾರದು, ಮೂಗಿಗೆ ಬಟ್ಟೆ ಕಟ್ಟಬೇಕು ಎಂಬುದನ್ನು ನಮಗೆ ಯಾರೂ ಹೇಳಲಿಲ್ಲ. ತಮಗೆ ಗೊತ್ತಿರಲಿಲ್ಲವೋ, ತಮ್ಮ ಮೇಲಿನ ಸಾಹೇಬರು ಬರುವ ತಾರೀಖಿಗೆ ಹೂವನ್ನು ಹೊಂದಿಸಿದಿರೋ, ತಾವೇ ಹೇಳಬೇಕು. ವೇದಿಕೆಯ ಮೇಲೆ ತಮಗೆ ಕೊಟ್ಟ ಗುಲಾಬಿ ಗುಚ್ಛದ ಸುತ್ತ ಕಟ್ಟಿದ್ದ ಸಣ್ಣ ಬಿಳಿ ಹೂ ಅದೇ ಗಿಡದ್ದು. ತಾವು ಮೂಗಿಗೆ ಹಿಡಿದು ನೋಡಿ ಫೋಟೋಗೆ ನಿಂತಿರಿ. ಕಳೆಯನ್ನು ಓಡಿಸಲು ಬಂದವರನ್ನು ಕಳೆಯಿಂದಲೇ ಸ್ವಾಗತಿಸಿದ ಊರು ನಮ್ಮದು, ಅಷ್ಟರ ಮಟ್ಟಿಗೆ ನಮ್ಮನ್ನೂ ನೋಡಿ ನಗಬಹುದು.

ನಗೆಗೆ ಸಿಗದ ಮಾತೊಂದನ್ನು ತಾವು ಆ ದಿನ ಮೈಕಿನಲ್ಲಿ ಹೇಳಿದಿರಿ. “ಕಿತ್ತಿದ್ದನ್ನ ಬಿಸಾಡ್ಬೇಡಿ ತಾಯಂದಿರೇ, ಒಣಗಿಸಿ ನೀರೊಲೆಗೆ ಹಾಕಿ. ಗಿಡಾನೂ ಹೋಗುತ್ತೆ, ಸೌದೇನೂ ಉಳಿಯುತ್ತೆ.” ಹೆಂಗಸರು ಚಪ್ಪಾಳೆ ತಟ್ಟಿದರು. ಏಕೆ ತಟ್ಟಬಾರದು? ನಮ್ಮ ಕಡೆ ಯಾವ ಮನೆಯಲ್ಲಾದರೂ ನೀರೊಲೆಗೆ ಕಾಸಿನ ಸೌದೆ ಹಾಕುವುದುಂಟೇ? ತೊಗರಿ ಕಡ್ಡಿ, ತೆಂಗಿನ ಗರಿ, ಲಂಟಾನ, ಸಿಕ್ಕಿದ್ದೇ ಹಂಡೆ ಕಾಯಿಸಲು ಸಾಕು. ಬಿಟ್ಟಿ ಉರುವಲು ಸಿಕ್ಕಿತೆಂದು ಹೊರೆ ಹೊರೆ ಹೊತ್ತು ತಂದರು. ಅಶ್ವತ್ಥಮ್ಮ ಎಲ್ಲರಿಗಿಂತ ಹೆಚ್ಚು ತಂದಳು, ತಮ್ಮ ಎಂದವನ ಮಾತಲ್ಲವೇ. ನಮ್ಮ ಬಚ್ಚಲುಮನೆಯ ಗೋಡೆಗೆ ಒರಗಿಸಿ ಮಾಡಿನವರೆಗೆ ಒಟ್ಟಿದಳು. ದಿನಾ ಬೆಳಗ್ಗೆ ಅದನ್ನು ಮುರಿದು, ಹೂವಿನ ಪುಡಿ ಕೊಡವಿ, ಒಲೆಗೆ ತುರುಕಿ ಊದುವಳು.

ಒಂದು ಬೆಳಗ್ಗೆ ಊದುಗೊಳವೆ ಕೈಯಿಂದ ಬಿತ್ತು. ಹೋಗಿ ನೋಡಿದರೆ ಬಚ್ಚಲ ಕಟ್ಟೆ ಹಿಡಿದು ಬಗ್ಗಿ ನಿಂತಿದ್ದಳು, ಎದೆಯೊಳಗೆ ಸೀಟಿ ಹೊಡೆದಂಥ ಸದ್ದು. ಮಾತಾಡಲು ಬಾಯಿ ತೆರೆದರೆ ಮಾತಿಲ್ಲ. ಒಳಗೆ ಹೋದ ಗಾಳಿ ಹೊರಗೆ ಬರುತ್ತಿರಲಿಲ್ಲ. ನಾನು ಹೊರಗೆ ಓಡಿ ಕೂಗಿದೆ. ಪಕ್ಕದ ಮನೆಯ ಸೊಣ್ಣಮ್ಮ ಓಡಿ ಬಂದು ಬೆನ್ನು ನೀವಿದರು. ಬಿಸಿನೀರು ಕುಡಿಸಿ ಒಂದು ಹೊತ್ತು ಕಳೆದ ಮೇಲೆ ಉಸಿರು ಹಿಂತಿರುಗಿತು. ಅಲ್ಲಿಂದ ಅದು ವಾರಕ್ಕೊಮ್ಮೆ, ಆಮೇಲೆ ದಿನಬಿಟ್ಟು ದಿನ ಬರತೊಡಗಿತು.

ಊರಿಗೆ ಗೂರಲು ಎಂದರೆ ಭಯ. ಕ್ಷಯ ಯಾವುದು, ಉಬ್ಬಸ ಯಾವುದು ಎಂಬ ಭೇದ ನಮಗೆ ಎಲ್ಲಿ ತಿಳಿದಿತ್ತು? ನಾವು ಯಾರೂ ಹೇಳದೆಯೇ ಅವಳು ತನ್ನ ಲೋಟ, ತಟ್ಟೆ ಬೇರೆ ಇಟ್ಟುಕೊಂಡಳು. ನನ್ನ ತಂಗಿಯ ಮಗು ಹತ್ತಿರ ಬಂದರೆ ಸೆರಗು ಬಾಯಿಗೆ ಒತ್ತಿಕೊಂಡು ಆಚೆ ಸರಿಯುವಳು. ಯಾರಿಗೂ ಕೆಟ್ಟದ್ದು ಬಯಸದ ಹೆಂಗಸು ತನ್ನ ಉಸಿರೇ ವಿಷವೆಂದು ನಂಬಿ ಮೂಲೆ ಹಿಡಿದದ್ದನ್ನು ಕಣ್ಣಾರೆ ಕಂಡವನು ನಾನು.

ಕೊನೆಗೆ ಸಿಟಿಯ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋದೆ. ಅಲ್ಲಿನ ಡಾಕ್ಟರಮ್ಮ ಅವಳ ಮುಂಗೈ ಮೇಲೆ ಸಾಲಾಗಿ ಹನಿ ಹಾಕಿ ಸೂಜಿಮೊನೆ ತಾಗಿಸಿದರು. ಒಂದು ಹನಿ ಮನೆಯ ಧೂಳಿನದು, ಒಂದು ಹಸುವಿನ ಕೂದಲಿನದು, ಒಂದು ಈ ಗಿಡದ ಪರಾಗದ್ದು, ಹೀಗೆ. ಯಾವುದಕ್ಕೆ ದದ್ದು ಎದ್ದರೆ ಅದೇ ಕಾರಣ ಎಂದರು. ಅಶ್ವತ್ಥಮ್ಮ ಹಸುವಿನ ಹನಿಯನ್ನೇ ನೋಡುತ್ತ ಕೂತಳು. “ಅಸ ಅಲ್ಲ ತಾನೆ ಡಾಕ್ಟ್ರಮ್ಮ? ಅಸ ಮಾರಕಾಗಕಿಲ್ಲ ನಂಗೆ” ಎಂದು ಕೇಳಿಯೇ ಕೇಳಿದಳು. ಹಸುವಲ್ಲ. ಗಿಡದ ಹನಿ ಹಾಕಿದ ಜಾಗ ಕೆಂಪಗೆ ಊದಿ ತುರಿಸತೊಡಗಿತು.

“ಇದು ಅಂಟುರೋಗ ಅಲ್ಲಮ್ಮ. ಲೋಟ ಗೀಟ ಬೇರೆ ಇಡೋದು ಬೇಡ” ಎಂದರು ಡಾಕ್ಟರಮ್ಮ. “ಎಷ್ಟೋ ಜನಕ್ಕೆ ಏನೂ ಮಾಡದೆ ಇರೋ ಪರಾಗಾನ ನಿಮ್ಮ ಮೈ ಶತ್ರು ಅಂದ್ಕೊಂಡ್ಬಿಟ್ಟಿದೆ. ಅದು ಒಳಗೆ ಹೋದ್ರೆ ಉಸಿರಿನ ಕೊಳವೆ ಊದ್ಕೊಂಡು ಬಿಗಿಯುತ್ತೆ.”

“ವಾಸಿ ಆಯ್ತದಾ?”

“ಪೂರ್ತಿ ಹೋಗ್ಬಿಡುತ್ತೆ ಅಂತ ಸುಳ್ಳು ಹೇಳಲ್ಲ. ಹಿಡಿತದಲ್ಲಿ ಇಟ್ಕೊಂಡು ಎಲ್ರ ಹಾಗೆ ಬಾಳ್ಬಹುದು. ಔಷಧಿ ತಪ್ಪಿಸ್ಬೇಡಿ. ಎದೆ ಬಿಗಿಯೋಕೆ ಶುರುವಾದ ತಕ್ಷಣ ಈ ಪಂಪು ಬಾಯಿಗೆ ಹೊಡ್ಕೊಳ್ಳಿ, ಉಸಿರು ಕಟ್ಟೋವರೆಗೂ ಕಾಯ್ಬೇಡಿ. ಎಲ್ಲಕ್ಕಿಂತ ಮೊದ್ಲು ಆ ಗಿಡದಿಂದ ದೂರ ಇರಿ.”

ಪಂಪನ್ನು ಕಂಡ ಸೊಣ್ಣಮ್ಮ ಹೆದರಿಸಿಬಿಟ್ಟರು. “ಅದುನ್ನ ಒಂದ್ಸಲ ಇಡ್ದ್ರೆ ಸಾಯೋಗಂಟ ಬಿಡಕಾಗಲ್ವಂತೆ ಕಣವ್ವ.” ನನ್ನ ಹೆಂಡತಿ ಅದನ್ನು ರಾಗಿ ತುಂಬಿಡುವ ವಾಡೆಯ ಹಿಂದೆ ಬಚ್ಚಿಟ್ಟು, ಮುಂದಿನ ಸಲ ಉಬ್ಬಸ ಬಂದಾಗ ಎದ್ದು ಹೋಗಿ ತೆಗೆಯಲೂ ಆಗದೆ ನೀಲಿಗಟ್ಟಿದಳು. ಅಷ್ಟಾದ ಮೇಲೆ ಭಯ ಬಿಟ್ಟಿತು, ಪಂಪು ಸೊಂಟದ ಸಂಚಿಗೆ ಸೇರಿತು. ಬಚ್ಚಲ ಒಟ್ಟಿಲನ್ನು ನಾನು ದೂರದ ಗುಂಡಿಗೆ ಹಾಕಿ ಮಣ್ಣು ಮುಚ್ಚಿದೆ. ಬಟ್ಟೆ ಒಳಗೇ ಒಣಗಿಸಿದೆವು, ಹಾಸಿಗೆಯ ಹೊದಿಕೆಗಳನ್ನು ಬಿಸಿನೀರಲ್ಲಿ ಒಗೆದೆವು, ಬೆಳಗಿನ ಹೊತ್ತು ಕಿಟಕಿ ಮುಚ್ಚಿದೆವು. ಬೇಸಿಗೆಯಿಡೀ ಅವಳು ಹಾಡಿಕೊಂಡು ಹಾಲು ಕರೆದಳು. ಲೋಟ ಮತ್ತೆ ಎಲ್ಲರ ಲೋಟದ ಜೊತೆ ಸೇರಿತು.

ಹಾಗಾದರೆ ಸುಖವಾಯಿತಲ್ಲ ಎನ್ನುವಿರೇನೋ. ಮಳೆ ಬಿತ್ತು. ಸಪ್ತಾಹದಲ್ಲಿ ಉದುರಿದ ಬೀಜವೆಲ್ಲ ಎದ್ದು, ತಮ್ಮ ಬೇಲಿಯೊಳಗೆ ಮೊದಲಿಗಿಂತ ದಟ್ಟವಾಗಿ ಹೂ ಬಿಟ್ಟಿತು. ನಮ್ಮ ಮನೆಯ ಬಾಗಿಲು ತೆರೆಯುವುದೇ ಆ ಕಡೆಗೆ. ಯಾವ ಗಿಡದಿಂದ ದೂರವಿರಬೇಕೋ ಅದು ಹೊಸ್ತಿಲಿನಿಂದ ಕೂಗಳತೆಯಲ್ಲಿದೆ. ಕಿಟಕಿ ಮುಚ್ಚಬಹುದು, ಕೊಟ್ಟಿಗೆಗೆ ಹೋಗದೆ ಇರಲಾದೀತೇ? ಗಾಳಿಗೆ ಬೇಲಿ ಹಾಕುವ ಇಲಾಖೆ ಯಾವುದಾದರೂ ಇದ್ದರೆ ತಿಳಿಸಿ, ಅರ್ಜಿ ಹಾಕುತ್ತೇನೆ. ಅಲ್ಲಿಯವರೆಗೆ ನನಗೆ ಗೊತ್ತಿದ್ದದ್ದು ತಮ್ಮ ಕಚೇರಿ ಒಂದೇ.

ಬಂದೆ. “ಸಾರ್, ನಮ್ಮ ಅಶ್ವತ್ಥಮ್ಮಂಗೆ ಉಬ್ಬಸ ಜಾಸ್ತಿ ಆಗದೆ. ಹೂವು ಉದುರೋದ್ರೊಳಗೆ ಗಿಡ ತೆಗೆಸ್ಕೊಡ್ಬೇಕು” ಎಂದೆ.

“ಯಾವ ಅಶ್ವತ್ಥಮ್ಮ?” ಎಂದಿರಿ.

ಅಧಿಕಾರಿಗಳೇ, ಗಿಡ ತೆಗೆಸುವುದಿಲ್ಲ ಎಂದಿದ್ದರೆ ನಾನು ಜಗಳವಾಡಿ ಸುಮ್ಮನಾಗುತ್ತಿದ್ದೆನೇನೋ. ಆ ಒಂದು ಮಾತು ನನ್ನ ಎದೆಗೆ ಒದ್ದಂತಾಯಿತು. ಮಜ್ಜಿಗೆಯ ನೆನಪು ಮಾಡಿಕೊಟ್ಟೆ. ತಾವು ಗೋಡೆ ನೋಡಿದಿರಿ. “ನನ್ನ ಏರಿಯಾದಲ್ಲಿ ಆ ಗಿಡ ಇಲ್ಲ ಕಣ್ರೀ, ಪೂರ್ತಿ ತೆಗ್ಸಿದೀವಿ ಅಂತ ಮೇಲಕ್ಕೆ ತಿಳಿಸಾಗಿದೆ” ಎಂದಿರಿ. ಕಿಟಕಿಗೆ ಬನ್ನಿ, ಕಾಣುತ್ತದೆ ಎಂದೆ. ಕುರ್ಚಿ ಬಿಟ್ಟು ಏಳಲಿಲ್ಲ. ಆಮೇಲೆ ದನಿ ತಗ್ಗಿಸಿ ಹೇಳಿದಿರಿ, “ಇದೆ ಅಂತ ಈಗ ಒಪ್ಕೊಂಡ್ರೆ, ಹೋದ್ಸಲ ಏನ್ ಮಾಡ್ದೆ ಅಂತ ನನ್ನ ಕೇಳ್ತಾರೆ. ನಿಮ್ಮ ಮನೆಯವರಿಗೆ ಮೊದ್ಲಿಂದ್ಲೂ ಇತ್ತೇನೋ ನೋಡಿ.” ಮೊದಲಿಂದ ಇದ್ದದ್ದು ತಮ್ಮ ಮೇಲಿನ ನಂಬಿಕೆ ಒಂದೇ ಸ್ವಾಮಿ, ಬೇರೆ ಯಾವ ಕಾಯಿಲೆಯೂ ಅವಳಿಗೆ ಇರಲಿಲ್ಲ.

ತಾವು ‘ಯಾವ ಅಶ್ವತ್ಥಮ್ಮ’ ಎಂದದ್ದನ್ನು ನಾನು ಮನೆಯಲ್ಲಿ ಹೇಳಲಿಲ್ಲ. ಆದರೂ ಯಾರಿಂದಲೋ ಅವಳ ಕಿವಿಗೆ ಬಿತ್ತು. “ಅಂಗಂದ್ರಾ?” ಎಂದಳು. ಈ ವರ್ಷ ಮಳೆಗೆ ಮುಂಚೆ ಬಟ್ಟೆ ಗಂಟು ಕಟ್ಟಿಕೊಂಡು ಆನೇಕಲ್ಲಿಗೆ, ತನ್ನ ಒಡಹುಟ್ಟಿದ ತಮ್ಮನ ಮನೆಗೆ ಹೋದಳು. ಅವರ ಮನೆ ಪೇಟೆಯ ನಡುವೆ ಇದೆ, ಸುತ್ತ ಈ ಗಿಡವಿಲ್ಲ. ಅಲ್ಲಿ ಚೆನ್ನಾಗಿ ಉಸಿರಾಡುತ್ತಾಳೆ. ಇಲ್ಲಿ ಊರವರು ಗಂಡ ಹೆಂಡಿರು ಜಗಳವಾಡಿದರಂತೆ ಎಂದು ಆಡಿಕೊಳ್ಳುತ್ತಾರೆ. ಅದಾದ ಮೇಲೆಯೇ ನಾನು ಕುಡುಗೋಲು ತೆಗೆದುಕೊಂಡು ತಮ್ಮ ಬೇಲಿ ದಾಟಿದ್ದು. ಕಾವಲುಗಾರ ಪಾಪಯ್ಯ, ಪಾಪ, “ಬ್ಯಾಡ ಕಣಣ್ಣ, ನನ್ನ ಕೆಲ್ಸ ಓಗ್ತದೆ” ಎಂದು ಬೇಡಿಕೊಂಡ. ಅವನಿಗಾಗಿ ಅರ್ಧಕ್ಕೇ ನಿಲ್ಲಿಸಿ ಬಂದೆ. ನಿಂತ ಅರ್ಧ ಈಗಲೂ ಹೂವಿನಲ್ಲಿದೆ.

ಹೋದ ಭಾನುವಾರ ಆನೇಕಲ್ಲಿಗೆ ಹೋಗಿದ್ದೆ. ಕಂದು ಹಸು ಕರು ಹಾಕಿದ್ದನ್ನು ಹೇಳಿದೆ. ಅವಳ ಮುಖ ಅರಳಿತು. “ಗಿಡ ಅಂಗೇ ಅದಾ?” ಎಂದು ಕೇಳಿದಳು. ಸುಳ್ಳೇಕೆ ಹೇಳಲಿ, ತಮ್ಮ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಅಲ್ಲಿ ಗಿಡ ಇಲ್ಲ ಎಂದರೆ ಸಾಕು, ಅಂದು ಸಂಜೆಯೇ ಗಂಟು ಎತ್ತಿಕೊಂಡು ನನ್ನ ಜೊತೆ ಹೊರಡುತ್ತಿದ್ದಳು. ಕರುವನ್ನು ಮುಟ್ಟುತ್ತಿದ್ದಳು, ಮನೆಯಲ್ಲಿ ದೀಪ ಹಚ್ಚುತ್ತಿದ್ದಳು. ಆ ಸುಳ್ಳು ಹೇಳುವುದು ಎಷ್ಟು ಸಲೀಸು ಎಂದು ಅವತ್ತು ತಿಳಿಯಿತು. ತಾವು ಹೇಳಿದ್ದರಲ್ಲಿ ಆಶ್ಚರ್ಯವಿಲ್ಲ. ನಾನು ಹೇಳಲಿಲ್ಲ, ಏಕೆಂದರೆ ಆಮೇಲೆ ಅವಳ ಎದೆಯ ಸೀಟಿಯನ್ನು ಪಕ್ಕದಲ್ಲಿ ಕೂತು ಕೇಳಬೇಕಾದವನು ನಾನು, ತಾವಲ್ಲ.

ಆದ್ದರಿಂದ ನನ್ನ ಬೇಡಿಕೆ ಇಷ್ಟು. ನೋಟಿಸನ್ನು ಹಿಂದಕ್ಕೆ ಪಡೆಯಿರಿ ಎಂದು ಕೇಳುವುದಿಲ್ಲ, ನೆಲ ವಾಪಸು ಕೊಡಿ ಎಂದೂ ಕೇಳುವುದಿಲ್ಲ. ಗಿಡ ಇದೆ ಎಂದು ಒಪ್ಪಿಕೊಳ್ಳಿ. ಪ್ರತಿ ಮಳೆಗೆ, ಎಳೆಯದಾಗಿರುವಾಗಲೇ, ಹೂವಿಗೆ ಮುಂಚೆ ಕೀಳಿಸಿ. ಕೀಳುವವರ ಕೈಗೆ ಗವಸು, ಮೂಗಿಗೆ ಬಟ್ಟೆ ಕೊಡಿ. ನಮ್ಮ ಹೆಂಗಸರನ್ನು ಕರೆಯಬೇಡಿ, ಯಾರನ್ನೂ ಅಕ್ಕ ಎನ್ನಬೇಡಿ. ಇದು ತಮ್ಮಿಂದಾಗದಿದ್ದರೆ ಬೇಲಿಯ ಬೀಗ ತೆಗೆಸಿ, ಒಂದು ದಿನದ ಮಟ್ಟಿಗೆ ನೇಗಿಲು ಹೂಡಲು ಬಿಡಿ, ಮಿಕ್ಕದ್ದನ್ನು ನಾನು ನೋಡಿಕೊಳ್ಳುತ್ತೇನೆ. ಎರಡೂ ಆಗದಿದ್ದರೆ ಬರುವ ಭಾನುವಾರ ತಾವೇ ನನ್ನ ಜೊತೆ ಆನೇಕಲ್ಲಿಗೆ ಬನ್ನಿ. ಅವಳು ಅದೇ ಪ್ರಶ್ನೆಯನ್ನು ಮತ್ತೆ ಕೇಳುತ್ತಾಳೆ. ಅವಳ ಮುಖ ನೋಡಿಕೊಂಡು ತಾವು ಉತ್ತರ ಹೇಳಿ.

ಇಂತಿ,
ಕರೆದುಕೊಂಡು ಬರಲು ಹೋಗಿ ಪ್ರತಿ ವಾರ ಒಬ್ಬನೇ ಬಸ್ಸು ಹತ್ತಿ ಬರುವ,
ಚಿಕ್ಕಬೈರಪ್ಪ