ಪಾಪ, ಅವಕ್ಕೆ ಹಸಿವು

ಆಗಸ್ಟ್ ೩, ಮಧ್ಯಾಹ್ನ
(ಎಲ್ಲಿಂದ ಬರೀತಿದ್ದೀನಿ ಅಂತ ಕೊನೆಗೆ ಹೇಳ್ತೀನಿ, ಈಗಲೇ ಕೇಳಬೇಡಿ)

ಏನೂಂದ್ರೆ,

ಹೇಗಿದ್ದೀರಿ? ಕಾಗದ ಶುರು ಮಾಡುವಾಗ ಹೀಗೆ ಕೇಳೋದು ರೂಢಿ, ಅದಕ್ಕೆ ಕೇಳಿದೆ. ನಿಮ್ಮ ವಿಷಯದಲ್ಲಿ ಈಗ ಹೇಗಿದ್ದೀರಿ ಅನ್ನೋದಕ್ಕಿಂತ ಏನಾಗಿದ್ದೀರಿ ಅಂತಲೇ ಕೇಳಬೇಕು. ಮಂಡಿ ನೋವು ಹೋಗಿರಬೇಕು, ಮಂಡಿ ಇದ್ದರೆ ತಾನೆ. ಕೆಮ್ಮೂ ಇರಲಾರದು. ಕಿವಿ ಮಾತ್ರ ಈಗಲಾದರೂ ನೆಟ್ಟಗೆ ಕೇಳಿಸಲಿ ಅಂತ ನನ್ನಾಸೆ. ಸತ್ತವರು ಹೆಚ್ಚೆಂದರೆ ಏಳು ವಾರ ಈ ಜನ್ಮಕ್ಕೂ ಮುಂದಿನದಕ್ಕೂ ನಡುವೆ ಇರ್ತಾರೆ, ಅಷ್ಟರೊಳಗೆ ಯಾವಾಗ ಬೇಕಾದ್ರೂ ಹುಟ್ಟಬಹುದು, ಮನೆಯವರು ಹೇಳಿದ್ದು ಅವರಿಗೆ ಮುಟ್ಟುತ್ತೆ ಅಂತ ಬೌದ್ಧ ವಿಹಾರದ ಭಿಕ್ಷುಣಿಯಮ್ಮ ಹೇಳಿದ್ದಾರೆ. ಬಾಯಿಬಿಟ್ಟು ಮಾತಾಡೋಣ ಅಂದ್ರೆ ಮಗ ಸೊಸೆ ಮುಖ ಮುಖ ನೋಡ್ಕೋತಾರೆ. ಅದಕ್ಕೇ ಬರೀತಿದ್ದೀನಿ. ನಾಳೆಗೆ ಏಳು ವಾರ ತುಂಬುತ್ತೆ. ಇವತ್ತು ಮುಟ್ಟದಿದ್ರೆ ಇನ್ನು ಮುಟ್ಟಲ್ಲ.

ನನಗೇನು ಧಾಡಿ, ಗುಂಡುಕಲ್ಲಿನ ಹಾಗಿದ್ದೀನಿ. ಆದರೆ ಕೂತಲ್ಲಿ ಕೂರಕ್ಕಾಗ್ತಿಲ್ಲ, ನಿಂತಲ್ಲಿ ನಿಲ್ಲಕ್ಕಾಗ್ತಿಲ್ಲ. ಒಗೆದ ಬಟ್ಟೆಯನ್ನೇ ಮತ್ತೆ ಒಗೀತೀನಿ, ಮಡಿಚಿದ್ದನ್ನ ಬಿಚ್ಚಿ ಮಡಿಚ್ತೀನಿ. ಸೊಸೆ ಜಿರಲೆ ಕಂಡು ಚಪ್ಪಲಿ ಎತ್ತಿದರೆ ನಡುವೆ ಹೋಗಿ ನಿಲ್ತೀನಿ. ಮೊನ್ನೆ ಬಚ್ಚಲ ಗೋಡೆಯ ಜೇಡವನ್ನ ನೋಡಿ "ತಲೆಗೆ ಎಣ್ಣೆ ಹಚ್ಚಲಾ?" ಅಂತ ಕೇಳಿಬಿಟ್ಟೆ. ಸೊಸೆ ಕೇಳಿಸಿಕೊಂಡಳು. ಪಾಪ, ಒಳ್ಳೇ ಹುಡುಗಿ, ಯಾರಿಗೂ ಹೇಳಿಲ್ಲ. ಮಗನಿಗೆ ಬಿಟ್ಟು.

ಇದೆಲ್ಲ ನಿಮ್ಮಿಂದಲೇ ಆಗಿದ್ದು, ತಿಳ್ಕೊಳ್ಳಿ. ಜಿರಲೆ, ಇಲಿ, ಗೆದ್ದಲು, ತಿಗಣೆ, ಇವೇ ನಮ್ಮ ಅನ್ನದಾತರು ಅಂತ ನಗ್ತಾ ಮೂವತ್ತು ವರ್ಷ ಔಷಧಿ ಹೊಡೆದ್ರಿ. ನಿಮ್ಮ ಅಂಗಿಯ ಆ ವಾಸನೆ ಇಲ್ಲದೆ ನನಗೆ ನಿದ್ದೆ ಹತ್ತುತ್ತಿರಲಿಲ್ಲ. ಆಮೇಲೆ ಯಾವುದೋ ಗೋದಾಮಿನಲ್ಲಿ ವಿಷ ತಿಂದ ತಾಯಿ ಇಲಿಯೊಂದು ತೆವಳಿಕೊಂಡು ಬಂದು ನಿಮ್ಮ ಬೂಟಿನ ಮೇಲೆ ತಲೆಯಿಟ್ಟು ಸತ್ತಿತಂತೆ. ಮನೆಗೆ ಬಂದವರು ಊಟಕ್ಕೂ ಕೂರಲಿಲ್ಲ. ಮಾರನೇ ದಿನವೇ ವಿಹಾರಕ್ಕೆ ಹೋಗಿ, ಇನ್ನು ಯಾವ ಜೀವವನ್ನೂ ಕೊಲ್ಲಲ್ಲ ಅಂತ ವ್ರತ ತಗೊಂಡು ಬಂದ್ರಿ. ಅಷ್ಟಕ್ಕೇ ನಿಂತ್ರಾ? ಕೊನೆಯ ಜೀವಿಗೂ ಬಿಡುಗಡೆ ಸಿಗೋ ತನಕ ಮತ್ತೆ ಮತ್ತೆ ಹುಟ್ಟಿ ಬರ್ತೀನಿ ಅಂತ ಇನ್ನೊಂದು ದೊಡ್ಡ ವ್ರತ! ಇಲಿಗೆ ಬೋನು ಇಟ್ಟು ಬಯಲಲ್ಲಿ ಬಿಟ್ಟು ಬಂದ್ರಿ, ಗೋಡೆಯ ಬಿರುಕು ಮುಚ್ಚಿದ್ರಿ, ಗೆದ್ದಲಿಗೂ ಏನೋ ಉಪಾಯ ಹುಡುಕಿದ್ರಿ. "ತಿಗಣೆಗೆ ಮಾತ್ರ ದಾರಿ ಕಾಣ್ತಿಲ್ಲ ಕಣೇ" ಅಂತ ಒದ್ದಾಡ್ತಿದ್ರಿ. ಊರಿಗೆ ಉಪಕಾರಿ, ಮನೆಗೆ ಮಾರಿ ಅಂತ ನಾನು ಗೊಣಗಿದ್ದೂ ಉಂಟು. ನಿಮ್ಮ ಸಕಲ ಜೀವಿಗಳಲ್ಲಿ ನಾನೂ ಇದ್ದೀನಾ ಅಂತ ಒಂದು ಸಲ ಕೇಳಿದ್ದೆ. "ನೀನು ಮನೆಯವಳಲ್ವೇನೇ" ಅಂದ್ರಿ. ಅದು ಇದ್ದೀಯ ಅಂತಲೋ ಇಲ್ಲ ಅಂತಲೋ, ಇವತ್ತಿಗೂ ನನಗೆ ಗೊತ್ತಾಗಿಲ್ಲ.

ಈಗ ನೀವು ಹೋದ ದಿನದ ವಿಷಯಕ್ಕೆ ಬರ್ತೀನಿ. ಕೊನೇ ಗಳಿಗೆಯಲ್ಲಿ ಮನಸ್ಸು ಎಲ್ಲಿರುತ್ತೋ ಮುಂದಿನ ಹುಟ್ಟು ಆ ಕಡೆಗೇ ವಾಲುತ್ತೆ ಅಂತ ನೀವೇ ನನಗೆ ಹೇಳಿಕೊಟ್ಟಿದ್ರಿ. ಅದಕ್ಕೇ ನಿಮ್ಮ ಕಿವಿ ಹತ್ತಿರ ಬಗ್ಗಿ, ಭಿಕ್ಷುಣಿಯಮ್ಮ ಹೇಳಿಕೊಟ್ಟ ಹಾಗೆ, ಮನೆ ಚಿಂತೆ ಬಿಡಿ, ಬೆಳಕಿನ ಕಡೆ ನೋಡಿ ಅಂತ ಮೆಲ್ಲಗೆ ಹೇಳ್ತಾ ಇದ್ದೆ. ಬೆಳಗಿನಿಂದ ಕಣ್ಣು ಬಿಟ್ಟಿರಲಿಲ್ಲ ನೀವು. ಆಗಲೇ ದಿಂಬಿನ ಪಕ್ಕ ಇದ್ದ ನಿಮ್ಮ ಫೋನು ಬಡ್ಕೊಂಡಿತು. ಆರಿಸೋಣ ಅಂತ ಒತ್ತಿದರೆ ಸ್ಪೀಕರ್ ಹತ್ತಿಕೊಂಡಿತು. ನಿಮ್ಮ ಹಳೇ ಗಿರಾಕಿ, ಆ ಹೋಟೆಲ್ ಮ್ಯಾನೇಜರ್! ಮೂರನೇ ಮಹಡಿಯ ಮೂಲೆ ಕೋಣೆ, ಮಂಚದ ತುಂಬಾ ತಿಗಣೆ, ಬಂದವರೆಲ್ಲ ಮೈ ಕೆರೆದುಕೊಂಡು ಓಡಿಹೋಗ್ತಿದ್ದಾರೆ ಅಂತ ಅರಚಿದ. ಹೆಂಡತಿ ಕರೆದರೆ ಬಿಡದ ಕಣ್ಣನ್ನ ನೀವು ತಿಗಣೆ ಅಂದ ಕೂಡಲೇ ಬಿಟ್ರಿ. "ಔಷಧಿ ಬೇಡ. ಪಾಪ, ಅವಕ್ಕೆ ಹಸಿವು. ನಾನು ಬಂದು ಮಲಗ್ತೀನಿ" ಅಂದ್ರಿ. ಅಷ್ಟೇ. ನನ್ನ ಕಡೆ ಒಂದು ಸಲ ನೋಡದೆ ಹೊರಟೇಬಿಟ್ರಿ. ಹೊಟ್ಟೆ ಉರಿದು ಹೋಯ್ತು ನನಗೆ, ಈಗಲೂ ಉರೀತಿದೆ.

ಅವತ್ತಿನಿಂದ ತಲೆಗೆ ಹುಳ ಬಿಟ್ಟ ಹಾಗಾಗಿದೆ. ವಿಹಾರಕ್ಕೆ ಓಡಿದೆ. ಭಿಕ್ಷುಣಿಯಮ್ಮ ಎಲ್ಲ ಕೇಳಿ, ಮನಸ್ಸು ಯಾವುದರ ಮೇಲಿತ್ತು ಅನ್ನೋದಲ್ಲ ತಾಯಿ, ಹೇಗಿತ್ತು ಅನ್ನೋದು ಮುಖ್ಯ, ಕರುಣೆಯಲ್ಲಿ ಕಣ್ಣು ಮುಚ್ಚಿದವರನ್ನ ಕರ್ಮ ಕೆಳಗೆ ತಳ್ಳಲ್ಲ ಅಂದ್ರು. ಹಾಗಾದ್ರೆ ಇವರು ತಿಗಣೆಯಾಗಿಲ್ಲ ತಾನೆ ಅಂತ ಕೇಳಿದೆ. ಅವರು ಸುಳ್ಳು ಹೇಳೋರಲ್ಲ ನೋಡಿ, ಅಂಥ ವ್ರತ ತಗೊಂಡವರು ಎಲ್ಲಿ ಸಂಕಟ ಇದೆಯೋ ಅಲ್ಲಿಗೆ ತಾವಾಗೇ ಹೋಗೋದೂ ಉಂಟು ಅಂದುಬಿಟ್ರು. ಆಯ್ತಲ್ಲ! ಮೂವತ್ತು ವರ್ಷ ಕೊಂದ ಕರ್ಮ ಎಳೆದರೂ ಆ ಮಂಚಕ್ಕೇ, ವ್ರತ ಕರೆದರೂ ಆ ಮಂಚಕ್ಕೇ. ಬೇರೆ ದಾರಿ ಇದ್ದರೆ ನೀವೇ ಹೇಳಿ.

ನಾಳೆ ಬೆಳಿಗ್ಗೆ ಮಗ, ಈಗ ನಿಮ್ಮ ಕಸುಬು ಅವನದೇ ಅಲ್ವಾ, ಆ ಕೋಣೆಗೆ ಔಷಧಿ ಹೊಡೆಯೋಕೆ ಹೋಗ್ತಾನೆ. ಏಳು ವಾರ ತುಂಬೋ ತನಕ ಡಬ್ಬಿ ಮುಟ್ಟಕೂಡದು ಅಂತ ನಾನು ಹಟ ಹಿಡಿದಿದ್ದೆ. ನಿಮ್ಮ ಮೇಲಿನ ಗೌರವಕ್ಕೆ ಮ್ಯಾನೇಜರ್ ಕೋಣೆಗೆ ಬೀಗ ಹಾಕಿ ಕಾದ. ಇನ್ನೂ ನಿಲ್ಲಿಸು ಅಂದ್ರೆ ಹೇಗೆ? ಮಗನ ಹತ್ತಿರ ಅತ್ತು ನೋಡಿದೆ, ಬೈದು ನೋಡಿದೆ. "ಅಮ್ಮಾ, ಅಪ್ಪನ ವ್ರತ ಅಪ್ಪಂದು. ನಂಗೆ ಹೆಂಡತಿ ಇದ್ದಾಳೆ, ಹೊಟ್ಟೆ ಇದೆ" ಅಂದ. ಅವನು ಹೇಳೋದರಲ್ಲೂ ತಪ್ಪಿಲ್ಲ. ನಿಮ್ಮ ಹಳೇ ಪಂಪನ್ನ ತೊಳೆದು ಅಂಗಳದಲ್ಲಿ ಒಣಗೋಕಿಟ್ಟಿದ್ದಾನೆ. ಅದನ್ನ ಕಂಡಾಗೆಲ್ಲ ಜೀವ ಬಾಯಿಗೆ ಬರುತ್ತೆ ಕಣ್ರೀ. ನಿಮ್ಮ ಮಗ ನಿಮ್ಮ ಪಂಪಿನಿಂದ ನಿಮ್ಮ ಮೇಲೇ ಹೊಡೆದರೆ ಆ ಪಾಪ ಅವನು ಎಲ್ಲಿ ತೊಳೀತಾನೆ? ನಿಲ್ಲಿಸೋ ಶಕ್ತಿ ನನಗಿಲ್ಲ. ಕಾಲು ಹಿಡೀಬಹುದಿತ್ತು, ತಾಯಿಯಾಗಿ ಅದೊಂದು ನನ್ನಿಂದಾಗಲಿಲ್ಲ.

ಎಲ್ಲಿದ್ದರೂ ಸುಖವಾಗಿರಿ. ಒಳ್ಳೇ ಕಡೆ ಹುಟ್ಟಿದ್ದರೆ ಇದನ್ನೆಲ್ಲ ಓದಿ ನಕ್ಕುಬಿಡಿ. ಸೊಸೆ ನಮಸ್ಕಾರ ಹೇಳಿದ್ದಾಳೆ ಅಂತ ನಾನೇ ಬರ್ಕೊಂಡಿದ್ದೀನಿ.

ಇತಿ,
ನಿಮ್ಮ ಸಕಲ ಜೀವಿಗಳಲ್ಲಿ ಒಬ್ಬಳು

ಮರೆತೆ: ಇದನ್ನ ಬರೀತಿರೋದು ಮೂರನೇ ಮಹಡಿಯ ಮೂಲೆ ಕೋಣೆಯಿಂದ. ಔಷಧಿಗೆ ಮುಂಚೆ ನೋಡಬೇಕು ಅಂದೆ, ಮ್ಯಾನೇಜರ್ ಬೀಗದ ಕೈ ಕೊಟ್ಟ. ಮಗನಿಗೆ ವಿಹಾರದಲ್ಲಿ ಉಳೀತೀನಿ ಅಂತ ಹೇಳಿದ್ದೀನಿ. ಸುಳ್ಳಾಡಲ್ಲ ಅನ್ನೋ ವ್ರತ ನಾನಿನ್ನೂ ತಗೊಂಡಿಲ್ಲ. ಬಂದು ಮಲಗ್ತೀನಿ ಅಂತ ಮಾತು ಕೊಟ್ಟವರು ನೀವು, ಇವು ಏಳು ವಾರ ಉಪವಾಸ ಕಾದಿವೆ. ತಿಂಗಳುಗಟ್ಟಲೆ ಹಸಿದಿದ್ದರೂ ಇವು ಸಾಯಲ್ಲ ಅಂತ ನಿಮ್ಮಿಂದಲೇ ಕೇಳಿದ್ದು. ನಾಳೆ ಏನಾಗುತ್ತೋ ಆಗಲಿ. ಇಷ್ಟು ವರ್ಷದಲ್ಲಿ ಒಂದು ದಿನವೂ ನಿಮ್ಮನ್ನ ಹಸಿದ ಹೊಟ್ಟೆಯಲ್ಲಿ ಹೊರಗೆ ಕಳಿಸಿದವಳಲ್ಲ ನಾನು. ನಿಮ್ಮ ಜೊತೆ ಇರೋ ಇವರನ್ನೂ ಕಳಿಸಲ್ಲ. ಸಂಜೆಯಾಯ್ತು. ಪರದೆ ಎಳೆದಿದ್ದೀನಿ, ರವಿಕೆ ತೋಳು ಮೇಲಕ್ಕೆ ಮಡಿಚಿಕೊಂಡು ಮಂಚದ ಮೇಲೆ ಕೂತಿದ್ದೀನಿ. ದೀಪ ಆರಿಸ್ತೀನಿ, ಬೆಳಕಿದ್ದರೆ ಹೊರಗೆ ಬರಲ್ಲ ಅಂತ ನೀವೇ ಹೇಳ್ತಿದ್ರಿ.