ನುಗ್ಗೆ ಬೀಜದ ಕಥೆ ವಾಪಸು ತೆಗೆದುಕೊಂಡದ್ದು

ಕುಷ್ಟಗಿ ತಾಲೂಕು,
೧೮ ಜೂನ್ ೨೦೨೪

ಪ್ರೀತಿಯ ದೋಸ್ತ ಶಫೀಸಾಬ,

ದ್ಯಾಮಣ್ಣನ ಸಲಾಮು. ನೀನು ಆನೆಗೊಂದಿಯಿಂದ ಬಾಳೆಹಣ್ಣು ಕಳಿಸಿ ತಿಂಗಳಾಯಿತು. ತಿಂದು ಮುಗಿಸಿದವನು ಮುಟ್ಟಿತು ಅಂತ ಒಂದು ಮಾತು ತಿಳಿಸಲಿಲ್ಲ. ಬೈದುಕೋ. ಈಗ ಹೇಳಬೇಕಾದ್ದು ಫೋನಿನಲ್ಲಿ ಹೇಳುವಂಥದ್ದಲ್ಲ ಅಂತ ಕಾಗದ ಹಿಡಿದೆ. ನಾಲ್ಕು ಸಾಲು ಬರೆಯುತ್ತೇನೆ, ಎದ್ದು ಅಂಗಳಕ್ಕೆ ಹೋಗುತ್ತೇನೆ, ಮತ್ತೆ ಬಂದು ಕೂರುತ್ತೇನೆ. ಮೂರು ಹಾಳೆ ಹರಿದೆ. ಇದು ನಾಲ್ಕನೆಯದು.

ನುಗ್ಗೆ ಬೀಜದ ಕಥೆ ನೆನಪಿದೆಯಾ? ಅದನ್ನು ಮೊದಲು ಹೇಳಿದವಳು ನಿಮ್ಮ ಓಣಿಯ ಸಣ್ಣವ್ವ. ನಾವಿಬ್ಬರೂ ಏಳನೇ ಇಯತ್ತೆಯಲ್ಲಿದ್ದ ವರ್ಷ, ಹೊಳೆಗೆ ಕೆಂಪು ನೀರು ಬಂದ ಸಂಜೆ. ಅತ್ತೆ ಹೊಸ ಸೊಸೆಯ ಮುಂದೆ ರಾಡಿನೀರಿನ ಕೊಡ ಇಟ್ಟು, "ಹೊತ್ತು ಮುಳುಗೋದ್ರಾಗ ಇದು ಕನ್ನಡಿಯಂಗ ತಿಳಿ ಆಗಬೇಕು, ಇಲ್ಲಾಂದ್ರ ತವರಿನ ದಾರಿ ಹಿಡಿ" ಅನ್ನುತ್ತಾಳೆ. ಸೊಸೆ ನುಗ್ಗೆ ಗಿಡದ ಕೆಳಗೆ ಅಳುತ್ತ ಕೂತರೆ ಒಣಗಿದ ಕಾಯಿ ಬಿರಿದು ಬೀಜ ಮಡಿಲಿಗೆ ಬೀಳುತ್ತವೆ. ಸಿಪ್ಪೆ ಸುಲಿದು, ಬಿಳಿ ತಿರುಳು ಕುಟ್ಟಿ, ನೀರಿನಲ್ಲಿ ಕದಡಿ, ಬಟ್ಟೆಯಲ್ಲಿ ಸೋಸಿ ಕೊಡಕ್ಕೆ ಹಾಕುತ್ತಾಳೆ. ತುಸು ಹೊತ್ತಿಗೆ ರಾಡಿಯೆಲ್ಲ ತಳಕ್ಕೆ. ಅತ್ತೆ ಇಣುಕಿದರೆ ತನ್ನ ಮೋರೆಯೇ ಕಂಡು, "ಇದ್ಯಾವ ಮುದುಕಿ ನೀರಾಗ ಕುಂತಾಳ?" ಅಂತ ಹೌಹಾರುತ್ತಾಳೆ. ಅಲ್ಲಿ ನೀನು ಬಿದ್ದು ಬಿದ್ದು ನಗುತ್ತಿದ್ದೆ.

ಏಳು ವರ್ಷದ ಹಿಂದೆ, ಮಗಳು ಅಮೃತಾಳ ಜೊತೆ ಇರಲು ಇಲ್ಲಿಗೆ ಬಂದ ಹೊಸದರಲ್ಲಿ, ಕಟ್ಟೆಯ ಮೇಲೆ ಕೂತು ಆ ಕಥೆ ಹೇಳಿದೆ. ಇಲ್ಲಿ ಹೊಳೆಯಿಲ್ಲ, ಕಾಲುವೆಯಿಲ್ಲ. ಇರುವುದು ಬೋರಿನ ನೀರು. ಅದರಲ್ಲಿ ಫ್ಲೋರೈಡ್ ಇದೆಯೆಂದು ಬಸ್‌ಸ್ಟ್ಯಾಂಡಿನ ಹತ್ತಿರ ಫಿಲ್ಟರ್ ಹಾಕಿಸಿದ್ದರು. ದೂರ, ಪಾಳಿ ಬೇರೆ, ನೀರೂ ಸಪ್ಪೆ. ಹೀಗಾಗಿ ನನ್ನ ಕಥೆ ಎಲ್ಲರಿಗೂ ಸಕ್ಕರೆಯಾಯಿತು. ಫಿಲ್ಟರಿನ ದಾರಿ ಬಿಟ್ಟು ಮನೆಮನೆಯಲ್ಲಿ ಬೋರಿನ ನೀರಿಗೆ ಬೀಜ ಕುಟ್ಟಿ ಹಾಕತೊಡಗಿದರು. ಎಷ್ಟು ಸೋಸಿ ಹಾಕಿದರೂ ಬೆಳಗಾಗುವುದರಲ್ಲಿ ಕೊಡದ ತಳದಲ್ಲಿ ಬೆಳ್ಳಗೆ ಹಿಟ್ಟಿನಂತೆ ಕೂತಿರುತ್ತಿತ್ತು. "ನೋಡ್ರಿ, ಫ್ಲೋರೈಡ್ ಎಲ್ಲಾ ಕೆಳಗ ಕುಂತೈತಿ" ಅಂತ ಹೆಂಗಸರು ಅದನ್ನು ಹುಷಾರಾಗಿ ಗಟಾರಕ್ಕೆ ಚೆಲ್ಲುತ್ತಿದ್ದರು. ನಾನು ಮೀಸೆ ತಿರುವುತ್ತಿದ್ದೆ.

ಹೋದ ವಾರ ಶಾಲೆ ಮಕ್ಕಳ ಹಲ್ಲು ನೋಡಲು ಡಾಕ್ಟರು ಬಂದಿದ್ದರು, ಜೊತೆಗೆ ಆಶಾ ಕಾರ್ಯಕರ್ತೆ ರೇಣುಕಮ್ಮ. ಆಕೆ ನಮ್ಮ ಮನೆಯ ನೀರನ್ನೂ ಒಯ್ದು ಪರೀಕ್ಷೆ ಮಾಡಿಸಿದಳು. ಬೀಜ ಹಾಕುವ ಮುಂಚೆ ಫ್ಲೋರೈಡ್ ಎಷ್ಟಿತ್ತೋ ಹಾಕಿದ ಮೇಲೂ ಹೆಚ್ಚುಕಮ್ಮಿ ಅಷ್ಟೇ.

"ಮತ್ತ ತಳದಾಗ ಕುಂತದ್ದೇನವಾ?" ಅಂದೆ.

"ಅದು ನಿಮ್ಮ ಬೀಜದ್ದ ಹಿಟ್ಟು, ಅಜ್ಜಾ! ಬೀಜ ರಾಡಿ ಹಿಡಿತೈತಿ, ಖರೆ. ಇಲ್ಲಿ ನೀರಾಗ ರಾಡಿ ಎಲ್ಲೈತಿ? ಫ್ಲೋರೈಡ್ ಕರಗಿರತೈತಿ, ಕಣ್ಣಿಗೆ ಕಾಣಂಗಿಲ್ಲ."

"ತಿಳಿ ನೀರು ಅಂದ್ರ ಛಲೋ ನೀರಲ್ಲೇನು?"

"ತಿಳಿ ಬ್ಯಾರೆ, ಛಲೋ ಬ್ಯಾರೆ ರೀ."

ಹೊಳೆದಂಡೆಯ ನಮಗೆ ಅವೆರಡೂ ಒಂದೇ ಮಾತಾಗಿತ್ತಲ್ಲೋ ಶಫೀ.

ಮೊಮ್ಮಗಳು ಸಹನಾಗೆ ಈಗ ಎಂಟು. ಹಾಲುಹಲ್ಲು ಬಿದ್ದು ಬಂದ ಹೊಸ ಹಲ್ಲಿನ ಮೇಲೆ ಕಂದು ಗೆರೆಗಳು. ಹೊಲಸು ಮೆತ್ತಿದೆ ಅಂತ ತಿಕ್ಕಿ ತಿಕ್ಕಿ ಒಸಡಿನಲ್ಲಿ ರಕ್ತ ಬರಿಸಿಕೊಂಡಿದ್ದಳು. ಹಲ್ಲು ಇನ್ನೂ ಒಸಡಿನೊಳಗೆ ಮೂಡುತ್ತಿದ್ದಾಗ, ಕೂಸಾಗಿದ್ದಾಗ ಕುಡಿದ ನೀರಿನಿಂದ ಆದದ್ದು, ತಿಕ್ಕಿದರೆ ಹೋಗುವುದಿಲ್ಲ ಅಂದರು ಡಾಕ್ಟರು. ಈಗ ಹುಡುಗಿ ನಕ್ಕರೆ ಅಂಗೈ ಬಾಯಿಗೆ ಹೋಗುತ್ತದೆ.

ಅಂದಿನಿಂದ ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ. ಭಾನುವಾರ ಸಂಜೆ ಕಟ್ಟೆಗೆ ಹೋಗಿ, "ನನ್ನ ಕಥಿ ತಪ್ಪೈತಿ. ಬೀಜ ಹೊಳಿ ನೀರಿಗಷ್ಟ, ಬೋರಿನ ನೀರಿಗಲ್ಲ. ನಾಳೆಯಿಂದ ಎಲ್ಲಾರೂ ಫಿಲ್ಟರ್ ನೀರು ಕುಡೀರಿ" ಅಂದೆ.

ಅಲ್ಲೇ ಕೂತಿದ್ದ ನಮ್ಮ ಓಣಿಯ ಕನಕಪ್ಪ ಬೀಡಿ ಕೆಳಗಿಟ್ಟ. "ಏನಪಾ ದ್ಯಾಮಣ್ಣ, ಏಳು ವರ್ಷದ ಮ್ಯಾಲ ಕಥಿ ವಾಪಸ್ ಇಸ್ಕೊಳ್ಳಾಕ ಬಂದಿಯಲ್ಲ! ಕೊಟ್ಟ ಹೆಣ್ಣು ಹೊಳ್ಳಿ ಕೇಳಿದಂಗಾತು." ಎಲ್ಲರೂ ನಕ್ಕರು. ನಾನು ರೇಣುಕಮ್ಮ ಕೊಟ್ಟ ನೀರಿನ ಪರೀಕ್ಷೆಯ ಚೀಟಿ ಓದಿದೆ, ಸಹನಾಳ ಹಲ್ಲಿನ ಮಾತು ಹೇಳಿದೆ. ಆಮೇಲೆ ಯಾರೂ ನಗಲಿಲ್ಲ.

ಒಂದು ಮಾತು ನೆನಪು ಮಾಡಿಕೊಂಡು ಬರಿ. ಸಣ್ಣವ್ವ ಬಾವಿ ನೀರಿನ ಸುದ್ದಿ ಏನಾದರೂ ಎತ್ತಿದ್ದಳಾ? ಬಾವಿ ನೀರಿಗೆ ಇದು ಬೇಡ ಅಂತ ಅಂದಿದ್ದು, ನಾನು ಮರೆತೆನಾ?

ನಿನ್ನ ಮಗಳು ಖುಷ್ಬುಗೆ, ಆಕೆಯ ಮಕ್ಕಳಿಗೆ ನನ್ನ ಆಶೀರ್ವಾದ. ನಿನ್ನ ಮೊಣಕಾಲು ಜೋಪಾನ. ದೇವರು ನಿಮ್ಮನ್ನೆಲ್ಲ ತಣ್ಣಗಿಡಲಿ.

ನಿನ್ನ,
ದ್ಯಾಮಣ್ಣ

ತಾ.ಕ.: ಸಣ್ಣವ್ವ ಏನಂದಿದ್ದಳು ಅಂತ ಮೇಲೆ ನಿನ್ನನ್ನು ಕೇಳಿದ್ದು ಅವಳ ಸೆರಗಿನ ಹಿಂದೆ ಅಡಗಲು. ಅದಕ್ಕೆ ಉತ್ತರ ಬರೆಯಬೇಡ. ಏಳು ವರ್ಷದ ಹಿಂದೆ ಕಥೆ ಮುಗಿದಾಗ, ಕೂಸನ್ನು ಬಗಲಲ್ಲಿ ಎತ್ತಿಕೊಂಡು ನಿಂತಿದ್ದ ಅಮೃತಾ, "ಅಪ್ಪಾ, ಬೋರಿನ ನೀರಿಗೂ ಆಗತೈತೇನು?" ಅಂತ ಕೇಳಿದ್ದಳು. ಊರೆಲ್ಲ ನನ್ನ ಬಾಯಿ ನೋಡುತ್ತಿತ್ತು. ಗೊತ್ತಿಲ್ಲ ಅನ್ನಲು ನಾಲಗೆ ಏಳಲಿಲ್ಲ. "ಯಾಕಾಗಂಗಿಲ್ಲ? ಯಾವ ನೀರಾದರೇನು!" ಅಂದುಬಿಟ್ಟೆ. ಕಥೆ ಸಣ್ಣವ್ವನದು, ಆ ಮಾತು ನನ್ನದು. ಭಾನುವಾರ ಕಟ್ಟೆಯಲ್ಲಿ ಎಲ್ಲ ಹೇಳಿದೆ, ಇದೊಂದನ್ನು ಬಿಟ್ಟು. ಅಮೃತಾ ಗೋಡೆಗೆ ಒರಗಿ ಕೇಳುತ್ತಿದ್ದಳು.

ಮರುದಿನ ಮುಂಜಾನೆ ಕಟ್ಟೆಯ ಮಂದಿಯೆಲ್ಲ ಫಿಲ್ಟರಿನ ಮುಂದೆ ಕೊಡ ಹಿಡಿದು ನಿಂತಿದ್ದರು, ಕನಕಪ್ಪನೂ. ಅಮೃತಾ ಎರಡು ಖಾಲಿ ಕೊಡ ತಂದು ನನ್ನ ಕಾಲ ಹತ್ತಿರ ಇಟ್ಟಳು. "ಪಾಳಿ ಭಾಳ ಐತಿ ಅಪ್ಪಾ, ಲಗೂ ಹೋಗು" ಅಂದಳು.